ಕ್ರೂಸ್ ಪ್ಯಾಕೇಜಿಗೆ ಮುಂಗಡ ಕಟ್ಟುವ ಮುನ್ನ

ನಿವೃತ್ತಿಯ ಹಣ ಕೈಗೆ ಬಂದ ಮೇಲೆ, ಇಲ್ಲವೇ ಮಕ್ಕಳ ಮದುವೆಯ ಜವಾಬ್ದಾರಿ ಕಳೆದ ಮೇಲೆ, ಕಾಶಿ ರಾಮೇಶ್ವರದ ಜೊತೆಗೆ ಹಡಗಿನ ಪ್ರವಾಸವನ್ನೂ ಒಮ್ಮೆ ಮಾಡಿಬಿಡೋಣ ಎಂದುಕೊಳ್ಳುವವರು ಮೈಸೂರಿನಲ್ಲಿ ಈಗ ಬಹಳ ಮಂದಿ ಇದ್ದಾರೆ. ಸಿಂಗಪುರದಿಂದ ಹೊರಟು, ಪಿನಾಂಗ್ ಮತ್ತು ಫುಕೆಟ್ ನೋಡಿಕೊಂಡು, ಮತ್ತೆ ಸಿಂಗಪುರಕ್ಕೇ ಬಂದು ಇಳಿಸುವ ಕ್ರೂಸ್ ಪ್ಯಾಕೇಜುಗಳನ್ನು ಊರಿನ ಪ್ರವಾಸ ಸಂಸ್ಥೆಗಳು ಇಂಥವರಿಗೇ ಮಾರುತ್ತಿವೆ. ನನ್ನ ತಂದೆ ತಾಯಿಯನ್ನು ಕರೆದುಕೊಂಡು ನಾನೂ ನನ್ನ ಪತ್ನಿಯೂ ಅಂಥದ್ದೊಂದು ಪ್ಯಾಕೇಜಿನಲ್ಲಿ ಹೋಗಿ ಬಂದೆವು. ಹಡಗಿನ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರು ಇರುವುದು ಅದನ್ನು ನಮಗೆ ಮಾರಿದ ರೀತಿಯ ಬಗ್ಗೆ. ವಿಷಯ ಗ್ರಾಹಕರ ಆಯೋಗದ ಮುಂದಿರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಬರೆದರೂ ಪ್ರಯೋಜನ ಅಷ್ಟಕ್ಕಷ್ಟೇ, ಏಕೆಂದರೆ ಇದೇ ಬಗೆಯ ವ್ಯವಹಾರ ನಡೆಸುವವರು ಅವರೊಬ್ಬರೇ ಅಲ್ಲ.

ಕಚೇರಿ ನಗರದ ನಡುವೆಯೇ ಇದೆ. ಎ.ಸಿ. ಇದೆ, ಗೋಡೆಯ ಮೇಲೆ ಬಿಳಿ ಹಡಗಿನ ದೊಡ್ಡ ಚಿತ್ರವಿದೆ, ಹೋದವರಿಗೆಲ್ಲ ಕಾಫಿ ಕೊಡುತ್ತಾರೆ. ನಮ್ಮ ತಂದೆ ಹೈಸ್ಕೂಲು ಮೇಷ್ಟರಾಗಿದ್ದವರು. ಪ್ರತಿಯೊಂದನ್ನೂ ಎರಡೆರಡು ಸಲ ಕೇಳುವ ಅಭ್ಯಾಸ. ಊಟ ಸೇರಿದೆಯೇ, ಟಿಪ್ಸ್ ಸೇರಿದೆಯೇ, ಕೋಣೆಯಿಂದ ಸಮುದ್ರ ಕಾಣುತ್ತದೆಯೇ ಎಂದು ಅವರು ಕೇಳಿದ್ದಕ್ಕೆಲ್ಲ ಅಲ್ಲಿನ ವ್ಯವಸ್ಥಾಪಕರು ಕೊಟ್ಟ ಉತ್ತರ ಒಂದೇ: ‘ಮೇಷ್ಟ್ರೇ, ನೀವೇನೂ ತಲೆ ಕೆಡಿಸ್ಕೋಬೇಡಿ. ಎಲ್ಲಾ ಸೇರಿ. ಹಡಗು ಹತ್ತಿದ ಮೇಲೆ ಪರ್ಸು ತೆಗೆಯೋ ಪ್ರಮೇಯಾನೇ ಬರಲ್ಲ.’ ಅಮ್ಮನ ಕಡೆಗೆ ತಿರುಗಿ, ‘ಅಮ್ಮಾ, ಬೆಳಿಗ್ಗೆ ಎದ್ದು ಪರದೆ ಸರಿಸಿದ್ರೆ ಸಮುದ್ರ’ ಎಂದೂ ಹೇಳಿದರು. ದಸರಾಕ್ಕೆ ಮುಂಚೆಯೇ ಮುಕ್ಕಾಲು ಪಾಲು ಹಣ ಕಟ್ಟಿಸಿಕೊಂಡರು. ಪ್ರತಿಯಾಗಿ ಕೊಟ್ಟ ರಸೀದಿಯಲ್ಲಿ ‘ಕ್ರೂಸ್ ಪ್ಯಾಕೇಜ್ ಬಾಬ್ತು’ ಎಂಬ ಒಂದು ಸಾಲು, ಮೊತ್ತ, ಮೊಹರು ಮಾತ್ರ ಇದ್ದವು. ಹಡಗಿನ ಹೆಸರಿರಲಿಲ್ಲ, ಕ್ಯಾಬಿನ್ ಯಾವ ದರ್ಜೆಯದು ಎಂಬುದೂ ಇರಲಿಲ್ಲ. ಕೇಳಿದಾಗ, ವೋಚರ್ ಬಂದಾಗ ಅದರಲ್ಲಿ ಎಲ್ಲವೂ ಇರುತ್ತದೆ ಎಂದರು.

ವೋಚರ್ ಬಂದದ್ದು ಹೊರಡುವ ಹಿಂದಿನ ರಾತ್ರಿ, ವಾಟ್ಸಾಪಿನಲ್ಲಿ. ಅದು ಸಂಸ್ಥೆಯೇ ತನ್ನ ಲೆಟರ್‌ಹೆಡ್ ಮೇಲೆ ಟೈಪು ಮಾಡಿಸಿದ ಕಾಗದ. ಹಡಗಿನ ಕಂಪನಿ ಕೊಡುವ ನಿಜವಾದ ಬುಕಿಂಗ್ ದೃಢೀಕರಣ ನಮ್ಮ ಕೈಗೆ ಸಿಕ್ಕಿದ್ದು ಸಿಂಗಪುರದ ಮರೀನಾ ಬೇ ಕ್ರೂಸ್ ಸೆಂಟರಿನ ಕೌಂಟರಿನಲ್ಲಿ, ಅದೂ ನಾವು ಕೇಳಿ ಪ್ರಿಂಟು ತೆಗೆಸಿಕೊಂಡಿದ್ದರಿಂದ. ಅದರಲ್ಲಿ ಎರಡು ಸಂಗತಿಗಳು ಅಚ್ಚಾಗಿದ್ದವು. ಮೊದಲನೆಯದು ಬುಕಿಂಗ್ ಮಾಡಿದ ದಿನಾಂಕ: ನಾವು ದಸರಾಕ್ಕೆ ಮುಂಚೆ ಕೊಟ್ಟ ಹಣಕ್ಕೆ ಅವರು ಹಡಗಿನಲ್ಲಿ ಜಾಗ ಹಿಡಿದದ್ದು ಸಂಕ್ರಾಂತಿ ಕಳೆದ ಮೇಲೆ. ಎರಡನೆಯದು ಕ್ಯಾಬಿನ್ನಿನ ದರ್ಜೆ: ‘ಇಂಟೀರಿಯರ್, ಜಿಟಿವೈ’.

ಈ ಮೂರಕ್ಷರ ಏನೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಕ್ರೂಸ್ ಹಡಗುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಕೋಣೆಗಳಿರುತ್ತವೆ: ಕಿಟಕಿಯೇ ಇಲ್ಲದ ಒಳಕೋಣೆ, ತೆರೆಯಲಾಗದ ಗಾಜಿನ ಕಿಟಕಿಯಿರುವ ಕೋಣೆ, ಹೊರಗೆ ಕುರ್ಚಿ ಹಾಕಿಕೊಂಡು ಕೂರಬಹುದಾದ ಬಾಲ್ಕನಿ ಕೋಣೆ, ಮತ್ತು ಸೂಟ್ ಎನ್ನುವ ದೊಡ್ಡ ಕೋಣೆ. ಒಳಕೋಣೆ ಎಲ್ಲಕ್ಕಿಂತ ಅಗ್ಗ. ಅದರಲ್ಲೂ ‘ಜಿಟಿವೈ’, ಅಂದರೆ ಗ್ಯಾರಂಟಿ ಕ್ಯಾಬಿನ್, ಇನ್ನೂ ಅಗ್ಗ. ಗ್ಯಾರಂಟಿ ಎಂಬ ಮಾತು ಕೇಳಲು ಹಿತವಾಗಿದೆ. ಆದರೆ ಅಲ್ಲಿ ಖಾತ್ರಿಯಾಗಿರುವುದು ಆ ದರ್ಜೆಯಲ್ಲಿ ಒಂದು ಕೋಣೆ ಸಿಗುತ್ತದೆ ಎಂಬುದಷ್ಟೇ. ಯಾವ ಡೆಕ್ಕು, ಅಂದರೆ ಹಡಗಿನ ಯಾವ ಅಂತಸ್ತು, ಯಾವ ತುದಿ, ಜೊತೆಯವರ ಕೋಣೆ ಪಕ್ಕದಲ್ಲಿರುತ್ತದೆಯೇ ಇಲ್ಲವೇ ಎಂಬುದನ್ನೆಲ್ಲ ಕಂಪನಿ ತನ್ನ ಅನುಕೂಲಕ್ಕೆ ತಕ್ಕಂತೆ ಕೊನೆಗೆ ತೀರ್ಮಾನಿಸುತ್ತದೆ. ಹರೆಯದವರಿಗೆ, ಕೋಣೆ ಎಂದರೆ ಮಲಗಲು ಮಾತ್ರ ಎನ್ನುವವರಿಗೆ, ಇದು ಒಳ್ಳೆಯ ಉಳಿತಾಯವೇ ಸರಿ. ಮಂಡಿನೋವಿರುವ ಎಪ್ಪತ್ತು ದಾಟಿದ ದಂಪತಿಗೆ ಹೇಳದೆ ಕೇಳದೆ ಇದನ್ನು ತಗಲಿಸುವುದು ಬೇರೆಯೇ ಮಾತು. ತಂದೆ ತಾಯಿಯ ಕೋಣೆ ಹಡಗಿನ ಮೂತಿಯ ಕಡೆಗೆ ಬಂತು, ನಮ್ಮದು ಎರಡು ಡೆಕ್ ಮೇಲೆ ಹಿಂಬದಿಗೆ. ಲಿಫ್ಟಿನಿಂದ ಅವರ ಬಾಗಿಲು ಮುಟ್ಟಲು ಅಪ್ಪ ಕಾರಿಡಾರಿನಲ್ಲಿ ನಡುವೆ ನಿಂತು ಸುಧಾರಿಸಿಕೊಳ್ಳಬೇಕಾಗುತ್ತಿತ್ತು.

ಒಳಗೆ ಹೋದ ಕೂಡಲೇ ಅಮ್ಮ ಮಂಚದ ಪಕ್ಕದ ಪರದೆ ಸರಿಸಿದರು. ಹಿಂದೆ ಇದ್ದದ್ದು ಗೋಡೆ, ಗೋಡೆಗೆ ಅಂಟಿಸಿದ ಉದ್ದನೆಯ ಕನ್ನಡಿ. ಕೋಣೆ ಕತ್ತಲೆಯ ಗೂಡು ಎನಿಸದಿರಲೆಂದು ಒಳಕೋಣೆಗಳಲ್ಲಿ ಹೀಗೆ ಮಾಡಿರುತ್ತಾರಂತೆ. ಅವರು ಪರದೆಯನ್ನು ಪೂರ್ತಿ ಎಳೆದು, ಇನ್ನೊಂದು ಬದಿಯಲ್ಲೂ ನೋಡಿ, ‘ಸಮುದ್ರ ಎಲ್ಲೋ?’ ಎಂದರು. ಕಿಟಕಿಯಿರುವ ಕೋಣೆಗೆ ಬದಲಾಯಿಸಿಕೊಡುವಂತೆ ಹಡಗಿನ ಗೆಸ್ಟ್ ಸರ್ವೀಸ್ ಮೇಜಿನಲ್ಲಿ ವಿಚಾರಿಸಿದೆವು. ಹಡಗು ಭರ್ತಿಯಾಗಿತ್ತು. ಊರಿನ ವ್ಯವಸ್ಥಾಪಕರಿಗೆ ಫೋನು ಮಾಡಿದರೆ, ‘ಸಾರ್, ಈಗ ಕ್ಯಾನ್ಸಲ್ ಮಾಡಿದ್ರೆ ಒಂದು ಪೈಸೆ ವಾಪಸ್ ಬರಲ್ಲ’ ಎಂದರು. ಆ ಮಾತು ಮಾತ್ರ ನಿಜ. ಹೊರಡುವ ದಿನ ಹತ್ತಿರವಾದಂತೆ ಕ್ರೂಸ್ ಕಂಪನಿಗಳು ರದ್ದತಿ ಶುಲ್ಕವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತವೆ, ಕೊನೆಯ ದಿನಗಳಲ್ಲಿ ಪೂರ್ತಿ ಹಣವೇ ಹೋಗುತ್ತದೆ. ದಾಖಲೆಯನ್ನು ಕೊನೆಯ ರಾತ್ರಿಯವರೆಗೆ ಕೊಡದಿರುವುದರಲ್ಲಿ ಯಾರಿಗೆ ಲಾಭ ಎಂಬುದು ಇದರಿಂದಲೇ ತಿಳಿಯುತ್ತದೆ.

‘ಎಲ್ಲಾ ಸೇರಿ’ ಎಂಬ ಮಾತಿನ ಉಳಿದ ಭಾಗ ಕೊನೆಯ ರಾತ್ರಿ ಗೊತ್ತಾಯಿತು. ಹಡಗು ಹತ್ತುವಾಗಲೇ ಕ್ರೆಡಿಟ್ ಕಾರ್ಡಿನ ಸಂಖ್ಯೆ ತೆಗೆದುಕೊಂಡು, ಕೋಣೆಯ ಬಾಗಿಲು ತೆರೆಯುವ ಕಾರ್ಡಿಗೆ ಅದನ್ನು ಜೋಡಿಸಿರುತ್ತಾರೆ. ಒಳಗೆ ನಡೆಯುವ ವ್ಯಾಪಾರವೆಲ್ಲ ಆ ಕಾರ್ಡಿನಲ್ಲೇ. ಕೊನೆಯ ರಾತ್ರಿ ಬಂದ ಲೆಕ್ಕದಲ್ಲಿ ನಮ್ಮ ನಾಲ್ವರ ಹೆಸರಿಗೂ ದಿನದಿನದ ಟಿಪ್ಸ್ ಹಾಕಿದ್ದರು. ಬಹುಪಾಲು ಅಂತರರಾಷ್ಟ್ರೀಯ ಕ್ರೂಸ್ ಕಂಪನಿಗಳಲ್ಲಿ ಟಿಪ್ಸ್ ಎಂಬುದು ನಾವು ಹೋಟೆಲಿನಲ್ಲಿ ಇಷ್ಟವಿದ್ದರೆ ಬಿಟ್ಟು ಬರುವ ಚಿಲ್ಲರೆಯಲ್ಲ. ತಲೆಗೆ, ದಿನಕ್ಕೆ ಸುಮಾರು 15 ರಿಂದ 20 ಅಮೆರಿಕನ್ ಡಾಲರ್‌ನಂತೆ ತಾನಾಗಿಯೇ ಲೆಕ್ಕಕ್ಕೆ ಏರುವ ಶುಲ್ಕ ಅದು. ಮಕ್ಕಳಿಗೂ ಅನೇಕ ಕಡೆ ಅದೇ ದರ. 18 ಡಾಲರ್ ಎಂದಿಟ್ಟುಕೊಂಡರೂ ನಾಲ್ಕು ಜನರಿಗೆ ನಾಲ್ಕು ರಾತ್ರಿಗೆ 288 ಡಾಲರ್ ಆಗುತ್ತದೆ, ಅಂದರೆ ನಾವು ಹೋದಾಗಿನ ವಿನಿಮಯ ದರದಲ್ಲಿ ಇಪ್ಪತ್ತನಾಲ್ಕು ಸಾವಿರ ರೂಪಾಯಿಯ ಆಜುಬಾಜು. ಇದನ್ನು ಮುಂಚೆಯೇ ಕಟ್ಟುವ ವ್ಯವಸ್ಥೆಯಿದೆ, ಕಟ್ಟಿದ್ದರೆ ದೃಢೀಕರಣದಲ್ಲಿ ಹಾಗೆಂದು ನಮೂದಾಗಿರುತ್ತದೆ. ಪ್ರವಾಸ ಸಂಸ್ಥೆ ನಮ್ಮಿಂದ ಆ ಹಣವನ್ನು ಪಡೆದಿದ್ದರೂ ಹಡಗಿನ ಕಂಪನಿಗೆ ಕಟ್ಟಿರಲಿಲ್ಲ. ಹಗಲಿರುಳು ದುಡಿಯುವ ಸಿಬ್ಬಂದಿಗೆ ಸಲ್ಲಬೇಕಾದ ಹಣವನ್ನು ಕೊಡಲು ನಮಗೆ ಬೇಸರವಿರಲಿಲ್ಲ, ಎರಡು ಸಲ ಕೊಡಬೇಕಾಯಿತಲ್ಲ ಎಂಬುದಷ್ಟೇ ಬೇಸರ.

ಜಾಹೀರಾತಿನ ಬೆಲೆಯ ಬಗ್ಗೆಯೂ ಹೇಳಿಬಿಡುತ್ತೇನೆ. ‘ತಲೆಗೆ ಇಷ್ಟರಿಂದ ಆರಂಭ’ ಎಂದು ದಪ್ಪಕ್ಷರದಲ್ಲಿ ಹಾಕುವ ಮೊತ್ತ ಸಾಮಾನ್ಯವಾಗಿ ಒಂದು ಒಳಕೋಣೆಯನ್ನು ಇಬ್ಬರು ಹಂಚಿಕೊಂಡಾಗ ಬೀಳುವ ದರ. ಒಬ್ಬರೇ ಹೋದರೆ ಹೆಚ್ಚುಕಡಿಮೆ ಇಬ್ಬರ ಹಣವನ್ನೇ ಕೇಳುತ್ತಾರೆ. ಬಂದರು ಶುಲ್ಕ, ತೆರಿಗೆ, ಟಿಪ್ಸ್, ವಿಮಾನದ ಟಿಕೆಟ್, ವೀಸಾ, ಹಡಗಿನ ವೈಫೈ, ಮದ್ಯ ಮತ್ತು ತಂಪು ಪಾನೀಯ, ವಿಶೇಷ ರೆಸ್ಟೋರೆಂಟುಗಳು, ದಡದ ಸುತ್ತಾಟ, ಇವೆಲ್ಲ ಅದರ ಹೊರಗೇ ಉಳಿದಿರುತ್ತವೆ. ಬಫೆ ಮತ್ತು ಮುಖ್ಯ ಊಟದ ಮನೆಯ ಊಟ ಮಾತ್ರ ಖಂಡಿತ ಒಳಗಿರುತ್ತದೆ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟ ಊಟ ಬೇಕೆಂದರೆ ಆ ಕೋರಿಕೆ ಕಂಪನಿಗೆ ವಾರಗಳ ಮೊದಲೇ ತಲುಪಬೇಕು. ನಮ್ಮ ಬುಕಿಂಗಿನಲ್ಲಿ ಆ ಜಾಗ ಖಾಲಿಯಿತ್ತು. ಹಾಗಿದ್ದೂ ಊಟದ ಮನೆಯ ಮುಖ್ಯಸ್ಥರು ಎರಡನೆಯ ದಿನದಿಂದ ಅಮ್ಮನಿಗೆಂದು ಬೇರೆಯಾಗಿಯೇ ಅನ್ನ, ಬೇಳೆ, ಪಲ್ಯ ಮಾಡಿಸಿಕೊಟ್ಟರು. ಅದು ಅವರ ದೊಡ್ಡತನ, ನಮಗೆ ಪ್ಯಾಕೇಜು ಮಾರಿದವರದ್ದಲ್ಲ.

ದಡದ ಸುತ್ತಾಟಕ್ಕೆಂದು ಊರಿನಲ್ಲೇ ಕಟ್ಟಿಸಿಕೊಂಡ ಹಣದ ಕಥೆಯೂ ಹೀಗೆಯೇ. ಪಿನಾಂಗ್‌ನಲ್ಲಿ ‘ಬಂದರಿನಿಂದ ಪೇಟೆಗೆ ವಾಹನ’ ಎಂದು ತಲೆಗೆ ಇಷ್ಟು ಎಂದು ಹಾಕಿದ್ದರು. ಹಡಗು ನಿಲ್ಲುವ ಸ್ವೆಟೆನ್‌ಹ್ಯಾಮ್ ಪಿಯರ್‌ನಿಂದ ಹೊರಬಂದರೆ ಎದುರಿಗೇ ಜಾರ್ಜ್‌ಟೌನ್. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹಳೆಯ ಪೇಟೆ ಅದು; ಲಿಟ್ಲ್ ಇಂಡಿಯಾದ ಬೀದಿಗಳಿಗೂ ಮಹಾಮಾರಿಯಮ್ಮನ ಗುಡಿಗೂ ನಡೆದೇ ಹೋಗಬಹುದು, ಕಾಲು ನೋವಿದ್ದವರಿಗೆ ಬಾಡಿಗೆ ವಾಹನ ಅಲ್ಲೇ ಸಿಗುತ್ತದೆ. ನಮಗಾಗಿ ಬರಬೇಕಿದ್ದ ವಾಹನವಂತೂ ಬರಲೇ ಇಲ್ಲ. ಫುಕೆಟ್‌ನ ಸಂಗತಿ ಬೇರೆ. ಅಲ್ಲಿ ನಮ್ಮ ಹಡಗು ಪಟಾಂಗ್ ಕೊಲ್ಲಿಯಲ್ಲಿ ಲಂಗರು ಹಾಕಿತು, ದಡಕ್ಕೆ ಚಿಕ್ಕ ದೋಣಿಗಳಲ್ಲಿ ಕರೆದೊಯ್ದರು. ದೋಣಿಗೆ ಹತ್ತಿ ಇಳಿಯುವಾಗ ಅಲೆಗೆ ಅದು ಮೇಲೆ ಕೆಳಗೆ ಆಡುತ್ತಿರುತ್ತದೆ. ಮಂಡಿ ಹಿಡಿದಿರುವವರಿಗೆ ಇದನ್ನು ಮೊದಲೇ ಹೇಳಬೇಕಾದದ್ದು ಮಾರುವವರ ಧರ್ಮ. ಅಪ್ಪ ಹಡಗಿನಲ್ಲೇ ಉಳಿದರು, ಅವರ ಹೆಸರಿನಲ್ಲಿ ಕಟ್ಟಿದ್ದ ಫುಕೆಟ್ ಸುತ್ತಾಟದ ಹಣ ಹೋಯಿತು.

ಅದೇ ಊರಿನಲ್ಲಿ ಮಂಡ್ಯದಿಂದ ಬಂದಿದ್ದ ಒಂದು ಕುಟುಂಬ ಕೊನೆಯ ದೋಣಿಯನ್ನು ತಪ್ಪಿಸಿಕೊಳ್ಳುವುದರಲ್ಲಿತ್ತು. ಥಾಯ್ಲೆಂಡಿನ ಗಡಿಯಾರ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ದಡಕ್ಕೆ ಬಂದು ಸಿಗ್ನಲ್ ಸಿಕ್ಕಿದ ತಕ್ಷಣ ಮೊಬೈಲ್ ತಾನಾಗಿ ಅಲ್ಲಿನ ಸಮಯ ತೋರಿಸಲು ಶುರುಮಾಡುತ್ತದೆ. ನಮ್ಮ ಹಡಗು ಮಾತ್ರ ಸಿಂಗಪುರದ ಸಮಯದಲ್ಲೇ ನಡೆಯುತ್ತಿತ್ತು. ಅವರಿಗೆ ಇನ್ನೂ ಒಂದು ಗಂಟೆಯಿದೆ ಎಂದು ಅವರ ಫೋನು ಹೇಳುತ್ತಿತ್ತು. ತಡವಾದವರಿಗಾಗಿ ಹಡಗು ಕಾಯುವುದಿಲ್ಲ, ಕಂಪನಿಯೇ ನಡೆಸುವ ಸುತ್ತಾಟದಲ್ಲಿದ್ದವರ ಹೊರತು. ಆದ್ದರಿಂದ ಹಡಗಿನ ಸಮಯಕ್ಕೆ ಹೊಂದಿಸಿದ ಕೈಗಡಿಯಾರವೊಂದು ಕೈಯಲ್ಲಿರಲಿ. ಫೋನನ್ನು ಸಮುದ್ರದ ಮೇಲೆ ಏರೋಪ್ಲೇನ್ ಮೋಡಿನಲ್ಲಿಡಿ. ಸಿಂಗಪುರಕ್ಕೆಂದು ಹಾಕಿಸಿಕೊಂಡ ರೋಮಿಂಗ್ ಪ್ಯಾಕ್ ಹಡಗಿನ ನೆಟ್‌ವರ್ಕಿಗೆ ಅನ್ವಯಿಸುವುದಿಲ್ಲ, ಬಿಲ್ಲು ನೋಡಿದಾಗಲೇ ಅದು ತಿಳಿಯುವುದು.

ಇನ್ನು ತೆರಿಗೆಯ ವಿಷಯ. ವಿದೇಶ ಪ್ರವಾಸದ ಪ್ಯಾಕೇಜು ಮಾರುವವರು ಆದಾಯ ತೆರಿಗೆ ಕಾನೂನಿನ ಪ್ರಕಾರ ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಎಂಬ ಮೊತ್ತವನ್ನು ನಮ್ಮಿಂದ ಸಂಗ್ರಹಿಸಿ, ನಮ್ಮ ಪ್ಯಾನ್ ಸಂಖ್ಯೆಯ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಬೇಕು. ನಾವು ಹೋದಾಗ ನಮ್ಮ ಮೊತ್ತಕ್ಕೆ ಅದು ಶೇ. 5 ಇತ್ತು, ದರ ಬಜೆಟ್ಟುಗಳಲ್ಲಿ ಬದಲಾಗುತ್ತಿರುತ್ತದೆ. ರಿಟರ್ನ್ ಸಲ್ಲಿಸುವಾಗ ಇದನ್ನು ನಮ್ಮ ತೆರಿಗೆಗೆ ಹೊಂದಿಸಿಕೊಳ್ಳಬಹುದು, ತೆರಿಗೆಯೇ ಇಲ್ಲದಿದ್ದರೆ ವಾಪಸು ಪಡೆಯಬಹುದು. ಅಂದರೆ ಇದು ಖರ್ಚಲ್ಲ, ನಮ್ಮದೇ ಹಣ. ಸಂಸ್ಥೆ ನಮ್ಮಿಂದ ಟಿಸಿಎಸ್ ಎಂದು ಹೇಳಿಯೇ ಹಣ ಪಡೆಯಿತು. ಒಬ್ಬರ ಪ್ಯಾನ್ ಹೆಸರಿಗೆ ಕಟ್ಟಿದ ತೆರಿಗೆಯನ್ನೆಲ್ಲ ತೋರಿಸುವ ಫಾರ್ಮ್ 26ಎಎಸ್‌ನಲ್ಲಿ, ಅಪ್ಪನ ಲೆಕ್ಕದಲ್ಲಿ, ಅದು ಇಂದಿಗೂ ಕಾಣಿಸಿಲ್ಲ. ಟಿಸಿಎಸ್ ಪ್ರಮಾಣಪತ್ರ ಕೊಡಿ ಎಂದು ಬರೆದ ಪತ್ರಕ್ಕೆ ಉತ್ತರವೂ ಬಂದಿಲ್ಲ. ಕನ್ನಡಿಯ ಗೋಡೆಗಿಂತ ಅಪ್ಪನನ್ನು ಹೆಚ್ಚು ಕೆರಳಿಸಿದ್ದು ಇದೇ.

ಹೀಗಾಗಿ ಮೊದಲ ಸಲ ಹೊರಡುವವರು ಮಾಡಬೇಕಾದ ಕೆಲಸ ನನ್ನ ದೃಷ್ಟಿಯಲ್ಲಿ ಒಂದೇ, ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ. ಮುಂಗಡ ಕೊಟ್ಟ ಒಂದೆರಡು ದಿನದೊಳಗೆ ಹಡಗಿನ ಕಂಪನಿಯ ಬುಕಿಂಗ್ ಸಂಖ್ಯೆಯನ್ನು ಕೇಳಿ ಪಡೆಯಿರಿ. ಏಜೆಂಟರ ವೋಚರ್ ಸಂಖ್ಯೆಯಲ್ಲ, ಕಂಪನಿಯದೇ ಸಂಖ್ಯೆ. ಹೆಚ್ಚಿನ ಕಂಪನಿಗಳ ವೆಬ್‌ಸೈಟಿನಲ್ಲಿ ಆ ಸಂಖ್ಯೆ, ನಿಮ್ಮ ಹೆಸರು, ಹೊರಡುವ ದಿನಾಂಕ ಹಾಕಿದರೆ ಹಡಗು, ಕ್ಯಾಬಿನ್ ದರ್ಜೆ, ಊಟದ ಕೋರಿಕೆ ನಿಮ್ಮ ಕಣ್ಣೆದುರಿಗೇ ಬರುತ್ತವೆ. ಕ್ಯಾಬಿನ್ ಸಂಖ್ಯೆ ಕೊಟ್ಟಿದ್ದರೆ ಅಲ್ಲೇ ಸಿಗುವ ಡೆಕ್ಕಿನ ನಕ್ಷೆಯಲ್ಲಿ ಅದನ್ನು ಹುಡುಕಿ. ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕುಗಳಲ್ಲಿ ತೂಗಾಟ ಕಡಿಮೆ, ಈಜುಕೊಳದ ಕೆಳಗೆ ಅಥವಾ ನಾಟಕಶಾಲೆಯ ಮೇಲೆ ಸದ್ದು ಜಾಸ್ತಿ. ಮಲಕ್ಕಾ ಜಲಸಂಧಿ ಸುಮಾತ್ರಾದ ಮರೆಯಲ್ಲಿರುವುದರಿಂದ ಸಾಮಾನ್ಯವಾಗಿ ಶಾಂತವೇ. ಆದರೂ ಮೂತಿಯ ಕೋಣೆಯಲ್ಲಿದ್ದ ಅಮ್ಮನಿಗೆ ಮೊದಲ ರಾತ್ರಿ ತಲೆ ಸುತ್ತಿತ್ತು. ಸಂಖ್ಯೆ ಕೊಡಲು ‘ಗ್ರೂಪ್ ಬುಕಿಂಗ್ ಸಾರ್, ಆಮೇಲೆ ಬರುತ್ತೆ’ ಎಂದು ಸಬೂಬು ಹೇಳುವವರ ಬಳಿ ಎರಡನೆಯ ಕಂತು ಕಟ್ಟಬೇಡಿ. ವೀಸಾ ಬಂದಾಗ ಅದು ಬಹು ಪ್ರವೇಶದ್ದೇ ಎಂದು ನೋಡಿಕೊಳ್ಳಿ. ಹಡಗು ಸಿಂಗಪುರ ಬಿಟ್ಟು ಮತ್ತೆ ಅಲ್ಲಿಗೇ ಬರುವುದರಿಂದ ನೀವು ಆ ದೇಶವನ್ನು ಎರಡು ಸಲ ಪ್ರವೇಶಿಸುತ್ತೀರಿ.

ಈಗಾಗಲೇ ಹೋಗಿ ಬಂದು ನಷ್ಟ ಅನುಭವಿಸಿದವರಿಗೆ ದಾರಿ ಮುಚ್ಚಿಲ್ಲ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು, ಏಜೆಂಟರ ಕಚೇರಿ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇದ್ದರೂ ಅಡ್ಡಿಯಿಲ್ಲ. ಕಟ್ಟಿದ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಿ ನೋಡಬಹುದು. ನಾವು ಹೇಳಿದ ಮೇಲೆಯೇ ಸಂಸ್ಥೆಯವರು ಟಿಪ್ಸ್ ಬಾಬ್ತಿನ ಹಣವನ್ನು, ಏನೂ ವಿವರಣೆ ಕೊಡದೆ, ಅಪ್ಪನ ಖಾತೆಗೆ ಹಾಕಿದರು. ಕ್ಯಾಬಿನ್ನಿನ ವ್ಯತ್ಯಾಸ, ಬಾರದ ವಾಹನ, ಕಾಣದ ಟಿಸಿಎಸ್ ಇವು ಆಯೋಗದ ಮುಂದಿವೆ. ಅಲ್ಲಿ ನಮ್ಮ ಕಡೆಯಿಂದ ಸಲ್ಲಿಸಿದ ಕಾಗದಗಳಲ್ಲಿ ತೂಕವಿರುವುದು ಆ ಕೌಂಟರಿನಲ್ಲಿ ಕೇಳಿ ತೆಗೆಸಿಕೊಂಡ ಪ್ರಿಂಟಿಗೆ ಎಂದು ವಕೀಲರು ಹೇಳುತ್ತಾರೆ. ಜಾಹೀರಾತಿನ ಕರಪತ್ರ, ವಾಟ್ಸಾಪ್ ಸಂದೇಶಗಳು, ಹಡಗಿನ ಕೊನೆಯ ರಾತ್ರಿಯ ಲೆಕ್ಕ, ಕೋಣೆಯ ಒಂದು ಫೋಟೊ, ಇಷ್ಟನ್ನು ಮನೆಗೆ ಬಂದ ಮೇಲೂ ಎಸೆಯಬೇಡಿ.