ಚೀನಾ ಪೊಲೀಸ್ ಎಂದು ಫೋನ್ ಬಂದರೆ ಕಟ್ ಮಾಡಿ: ನಮ್ಮ ಮನೆಯಲ್ಲೇ ಆದದ್ದು

ಆಸ್ಟ್ರೇಲಿಯಾ, ಅಮೆರಿಕ, ಬ್ರಿಟನ್, ಕೆನಡಾ, ನೀವು ಎಲ್ಲೇ ಇರಿ. ನಿಮ್ಮ ಜೊತೆ ಚೀನಾದ ಹುಡುಗ ಹುಡುಗಿಯರು ಓದುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ, ಅವರಿಗೂ ಹೇಳಿ. ಸಿಡ್ನಿಯಲ್ಲಿ ನನ್ನ ಜೊತೆ ಒಂದೇ ಮನೆಯಲ್ಲಿದ್ದ ಚೀನೀ ಗೆಳತಿಗೆ ಆದದ್ದನ್ನು ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದಳು, ಹಾಕಿಲ್ಲ.

ಮೊದಲು ಬಂದದ್ದು ಮ್ಯಾಂಡರಿನ್ ಭಾಷೆಯ ಒಂದು ರೆಕಾರ್ಡೆಡ್ ಕರೆ. ನಿಮ್ಮ ಹೆಸರಿನ ಪಾರ್ಸೆಲ್ ತಡೆಹಿಡಿದಿದ್ದೇವೆ, ವಿವರ ಬೇಕಿದ್ದರೆ ಒಂದು ಒತ್ತಿ ಎಂದಿತು. ಒತ್ತಿದಳು. ಕೊರಿಯರ್ ಕಂಪನಿಯವನು ಎಂದು ಹೇಳಿಕೊಂಡ ಒಬ್ಬ ಮಾತಾಡಿದ. ಪಾರ್ಸೆಲ್‌ನಲ್ಲಿ ಬೇರೆಯವರ ಬ್ಯಾಂಕ್ ಕಾರ್ಡುಗಳಿವೆ, ಶಾಂಘೈನಲ್ಲಿ ನಿಮ್ಮ ಮೇಲೆ ಕೇಸಾಗಿದೆ, ಲೈನ್‌ನಲ್ಲೇ ಇರಿ, ಪೊಲೀಸರಿಗೆ ಕೊಡುತ್ತೇನೆ ಎಂದ. ಆಮೇಲೆ ವಿಡಿಯೋ ಕಾಲ್. ಸಮವಸ್ತ್ರ ತೊಟ್ಟವನು ಕೂತಿದ್ದ, ಹಿಂದಿನ ಗೋಡೆಯಲ್ಲಿ ಪೊಲೀಸ್ ಲಾಂಛನ. ಅವಳ ಪಾಸ್‌ಪೋರ್ಟ್ ನಂಬರನ್ನು ಅವನೇ ಓದಿ ಹೇಳಿದ. ಊರಿನ ಮನೆ ವಿಳಾಸ ಹೇಳಿದ. ಅವಳ ಫೋಟೋ ಹಾಕಿದ ವಾರಂಟ್ ಕಳಿಸಿದ. ಇಷ್ಟೆಲ್ಲ ಗೊತ್ತಿರುವವನು ಕಳ್ಳ ಎಂದು ಯಾರಿಗೆ ಅನ್ನಿಸುತ್ತದೆ ಹೇಳಿ.

ನಮ್ಮವರಿಗೆ ಈ ಕಥೆ ಗೊತ್ತಿದೆ, ಅಲ್ವಾ? ಬೆಂಗಳೂರಿನಲ್ಲಿ ಎಷ್ಟೋ ಜನ ಹಣ ಕಳೆದುಕೊಂಡ ಡಿಜಿಟಲ್ ಅರೆಸ್ಟ್ ಇದೇ. ಅದೇ ಪಾರ್ಸೆಲ್, ಅದೇ ಸಮವಸ್ತ್ರ, ಅದೇ ಕ್ಯಾಮೆರಾ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿ ಕೂಡ ಮನ್ ಕಿ ಬಾತ್‌ನಲ್ಲಿ ಇದರ ಬಗ್ಗೆ ಎಚ್ಚರಿಸಿದ್ದರು. ಆದರೆ ಪರದೇಶದಲ್ಲಿ ಒಂಟಿಯಾಗಿರುವ ಚೀನೀ ಮಕ್ಕಳ ವಿಷಯದಲ್ಲಿ ಈ ಕಳ್ಳರು ಇಷ್ಟಕ್ಕೇ ನಿಲ್ಲುವುದಿಲ್ಲ.

ಇದು ದೇಶದ ಗುಟ್ಟಿನ ಕೇಸು, ಯಾರಿಗಾದರೂ ಬಾಯಿಬಿಟ್ಟರೆ ಅವರನ್ನೂ ಹಿಡಿಯುತ್ತೇವೆ ಎಂದು ಅವಳಿಗೆ ಹೇಳಿದ್ದರು. ಕೆಲವು ಗಂಟೆಗೊಮ್ಮೆ ಎಲ್ಲಿದ್ದೇನೆ ಎಂದು ಮೆಸೇಜ್ ಮಾಡಬೇಕು. ರಾತ್ರಿಯೂ ಕ್ಯಾಮೆರಾ ಆನ್. ನಮಗೆ ಕಂಡದ್ದು ಇಷ್ಟೇ: ಅವಳು ಅಡುಗೆಮನೆಗೆ ಬರುವುದು ನಿಂತಿತು, ರೂಮಿನ ಬಾಗಿಲು ಸದಾ ಮುಚ್ಚಿರುತ್ತಿತ್ತು, ಒಳಗೆ ಪಿಸುಮಾತು. ಕೇಳಿದರೆ ಅಸೈನ್‌ಮೆಂಟ್ ಜಾಸ್ತಿ ಇದೆ ಎನ್ನುತ್ತಿದ್ದಳು. ಅಷ್ಟರಲ್ಲಿ 'ಹಣದ ಮೂಲ ಪರಿಶೀಲನೆ' ಎಂದು ಅವಳ ಖಾತೆಯ ಫೀಸು ಹಣವನ್ನೆಲ್ಲ ಒಂದು 'ಸುರಕ್ಷಿತ ಖಾತೆ'ಗೆ ಹಾಕಿಸಿಕೊಂಡಿದ್ದರು. ಅಂಥ ಖಾತೆ ಯಾವ ದೇಶದ ಪೊಲೀಸರ ಹತ್ತಿರವೂ ಇರುವುದಿಲ್ಲ.

ಹಣ ಮುಗಿದ ಮೇಲೆ ಕಿಡ್ನ್ಯಾಪ್ ನಾಟಕ. ತನಿಖೆಗೆ ಬೇಕು ಎಂದು ಅವಳನ್ನು ಹೋಟೆಲ್ ರೂಮಿಗೆ ಹೋಗಲು ಹೇಳಿದರು. ತನ್ನ ಕೈಕಾಲು ತಾನೇ ಕಟ್ಟಿಕೊಂಡು ಫೋಟೋ ತೆಗೆದು ಕಳಿಸು ಎಂದರು. ಫೋನ್ ಬೇರೆ ಯಾರದ್ದೂ ಎತ್ತಬೇಡ ಎಂದರು. ಆ ಫೋಟೋ ನೇರ ಅವಳ ಅಪ್ಪ ಅಮ್ಮನಿಗೆ ಹೋಯಿತು. ಮಗಳು ನಮ್ಮ ಕೈಲಿದ್ದಾಳೆ, ಪೊಲೀಸರಿಗೆ ಹೇಳಿದರೆ ಉಳಿಯುವುದಿಲ್ಲ ಎಂಬ ಮಾತಿನ ಜೊತೆ. ಮಗಳಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ಒಬ್ಬಳೇ ಮಗಳು. ಯಾವ ಹೆತ್ತವರು ತಡೆದುಕೊಳ್ಳುತ್ತಾರೆ? ಮನೆ ಕೊಳ್ಳಲು ಕೂಡಿಟ್ಟ ಹಣದಲ್ಲಿ ದೊಡ್ಡ ಪಾಲು ಹಾಕಿಬಿಟ್ಟರು.

ಅವಳ ಚಿಕ್ಕಮ್ಮ ವೀಚಾಟ್‌ನಲ್ಲಿ ಒಬ್ಬ ಸಹಪಾಠಿಯನ್ನು ಹುಡುಕಿ ಹಿಡಿದರು. ಅವನು ಓಡಿಬಂದು ನಮ್ಮ ಬಾಗಿಲು ಬಡಿದ. ನಾವು 000ಗೆ ಕರೆ ಮಾಡಿದೆವು. ಬಂದ ಪೊಲೀಸರಿಗೆ ಎರಡೇ ಮಾತಿನಲ್ಲಿ ವಿಷಯ ಅರ್ಥವಾಯಿತು, ಅವರು ಇಂಥದ್ದು ನೋಡಿದವರು. ಹೋಟೆಲ್ ಪತ್ತೆಯಾದರೂ ಅವಳು ಬಾಗಿಲು ತೆಗೆಯಲಿಲ್ಲ. ನಕಲಿ ಪೊಲೀಸರು ಬರುತ್ತಾರೆ, ತೆಗೆಯಬೇಡ ಎಂದು ಆ ಕಳ್ಳರೇ ಹೇಳಿಕೊಟ್ಟಿದ್ದರು. ನಾನೂ ಆ ಸಹಪಾಠಿಯೂ ಹೊರಗಿನಿಂದ ತುಂಬಾ ಹೊತ್ತು ಮಾತಾಡಿದ ಮೇಲೆ ತೆಗೆದಳು. ಅಪ್ಪ ಅಮ್ಮನನ್ನು ಕಾಪಾಡುತ್ತಿದ್ದೇನೆ ಎಂದೇ ಅವಳು ಕೊನೆಯವರೆಗೆ ನಂಬಿದ್ದಳು. ಅದನ್ನು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇದು ಎಲ್ಲೋ ಒಬ್ಬರಿಗೆ ಆದದ್ದು ಎಂದುಕೊಳ್ಳಬೇಡಿ. 2020ರಲ್ಲಿ ನ್ಯೂ ಸೌತ್ ವೇಲ್ಸ್ ಪೊಲೀಸರು ಆ ವರ್ಷದ ಇಂಥ 8 ಪ್ರಕರಣಗಳ ವಿವರ ಕೊಟ್ಟರು. ಹೋದ ಹಣ 32 ಲಕ್ಷ ಆಸ್ಟ್ರೇಲಿಯನ್ ಡಾಲರ್. ಒಬ್ಬ ತಂದೆಯೇ 20 ಲಕ್ಷಕ್ಕಿಂತ ಜಾಸ್ತಿ ಕಟ್ಟಿದ್ದರು, ಮಗಳು ಸಿಡ್ನಿಯ ಹೋಟೆಲಿನಲ್ಲಿ ಕ್ಷೇಮವಾಗಿ ಸಿಕ್ಕಳು. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಯೂಟಾದಲ್ಲಿ 17 ವರ್ಷದ ಚೀನೀ ಹುಡುಗ ಬ್ರಿಗಮ್ ಸಿಟಿ ಹತ್ತಿರದ ಗುಡ್ಡದಲ್ಲಿ, ಕೊರೆಯುವ ಚಳಿಯಲ್ಲಿ, ಟೆಂಟ್ ಹಾಕಿಕೊಂಡು ಅಡಗಿದ್ದ. ಅವನ ಮನೆಯವರು ಸುಮಾರು 80,000 ಡಾಲರ್ ಕಳಿಸಿದ್ದರು.

ಇಷ್ಟು ಓದಿದವರು ಹೇಗೆ ಮೋಸ ಹೋಗುತ್ತಾರೆ ಎಂದು ಕೆಲವರು ಕೇಳುತ್ತಾರೆ. ದಯವಿಟ್ಟು ಹಾಗೆ ಕೇಳಬೇಡಿ. ಚೀನಾದಲ್ಲಿ ಪೊಲೀಸರ ಮಾತನ್ನು ಪ್ರಶ್ನಿಸುವುದು ಸುಲಭವಲ್ಲ. ಊರಿನಲ್ಲಿ ಅಪ್ಪ ಅಮ್ಮ ಇದ್ದಾರೆ, ಕೈಯಲ್ಲಿ ವೀಸಾ ಇದೆ, ಎರಡೂ ಹೋದಾವು ಎಂಬ ಹೆದರಿಕೆ. ಸುಮ್ನೆ ನಗುವ ವಿಷಯವಲ್ಲ ಇದು.

ಈಗ ಮಾಡಬೇಕಾದ್ದು. ಫೋನಿನಲ್ಲಿ ಚೀನಾ ರಾಯಭಾರ ಕಚೇರಿಯ ನಂಬರೇ ಕಂಡರೂ ನಂಬಬೇಡಿ, ಆ ನಂಬರನ್ನು ನಕಲಿ ಮಾಡಬಹುದು. ಕಟ್ ಮಾಡಿ, ಕಚೇರಿಯ ವೆಬ್‌ಸೈಟಿನಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ. ವಿಚಾರಣೆಗೆಂದು ಫೋನ್ ಮಾಡುವುದಿಲ್ಲ, ಹಣ ಕೇಳುವುದಿಲ್ಲ, ಕರೆಯನ್ನು ಪೊಲೀಸರಿಗೆ ವರ್ಗಾಯಿಸುವುದಿಲ್ಲ ಎಂದು ಆ ಕಚೇರಿಗಳೇ ಮತ್ತೆ ಮತ್ತೆ ಹೇಳಿವೆ. ಹೊರದೇಶದಲ್ಲಿರುವ ಚೀನೀಯರಿಗೆಂದೇ ಅವರ ವಿದೇಶಾಂಗ ಇಲಾಖೆಯ ಸಹಾಯವಾಣಿ 12308 ಇದೆ. ಚೀನಾದ ಹೊರಗಿನಿಂದ ಮಾಡುವಾಗ ಮುಂದೆ +86-10 ಸೇರಿಸಬೇಕು.

ಹಣ ಆಗಲೇ ಹೋಗಿದ್ದರೆ ಮೊದಲು ಬ್ಯಾಂಕಿಗೆ ಫೋನ್ ಮಾಡಿ, ಆ ಕ್ಷಣವೇ. ತಡವಾದಷ್ಟೂ ಹಣ ಹಲವು ಖಾತೆ ದಾಟಿ ಹೋಗುತ್ತದೆ. ಮೋಸ ಹೋದೆ ಎಂದು ದೂರು ಕೊಟ್ಟರೆ ವೀಸಾ ರದ್ದಾಗುವುದಿಲ್ಲ. ಹೋದ ಹಣ ವಾಪಸ್ ಕೊಡಿಸುತ್ತೇವೆ ಎಂದು ಆಮೇಲೆ ಬರುವ ಕರೆಗಳೂ ಕಳ್ಳರದ್ದೇ. ನನ್ನ ಗೆಳತಿಗೂ ಬಂದವು.

ಹೆತ್ತವರಿಗೆ ಮಕ್ಕಳ ರೂಮ್‌ಮೇಟ್ ನಂಬರ್, ವಿಶ್ವವಿದ್ಯಾಲಯದ ಸೆಕ್ಯುರಿಟಿ ನಂಬರ್, ಮನೆ ವಿಳಾಸ ಮೊದಲೇ ಕೊಟ್ಟಿಡಿ. ಚಿಕ್ಕಮ್ಮನ ಹತ್ತಿರ ನನ್ನ ನಂಬರ್ ಇದ್ದಿದ್ದರೆ ಒಂದು ಇಡೀ ದಿನ ಉಳಿಯುತ್ತಿತ್ತು. ಮನೆಯವರಿಗಷ್ಟೇ ಗೊತ್ತಿರುವ ಒಂದು ಗುಟ್ಟಿನ ಪದವನ್ನೂ ಇಟ್ಟುಕೊಳ್ಳಿ. ಕಟ್ಟಿಹಾಕಿದ ಫೋಟೋ ಬಂದರೆ ಒಂದು ರೂಪಾಯಿಯೂ ಕಳಿಸುವ ಮೊದಲು ಪೊಲೀಸರಿಗೆ ಹೇಳಲೇಬೇಕು. ಚೀನಾದಲ್ಲಿ 110, ಆಸ್ಟ್ರೇಲಿಯಾದಲ್ಲಿ 000. ಇದೇ ಆಟ ಭಾರತದಲ್ಲಿರುವ ನಿಮ್ಮ ಅಪ್ಪ ಅಮ್ಮನ ಮೇಲೆ ನಡೆದರೆ 1930.

ಜೊತೆಯಲ್ಲಿರುವ ನಾವು ಮಾಡಬಹುದಾದ್ದೂ ಇದೆ. ಚೆನ್ನಾಗಿ ಮಾತಾಡಿಕೊಂಡಿದ್ದವರು ಇದ್ದಕ್ಕಿದ್ದಂತೆ ಬಾಗಿಲು ಹಾಕಿಕೊಂಡರೆ, ಹಗಲೂ ರಾತ್ರಿ ಫೋನಿನಲ್ಲಿದ್ದರೆ, ಯಾವುದೋ ಹೋಟೆಲಿಗೆ ಹೊರಟರೆ, ಬಾಗಿಲು ತಟ್ಟಿ ನೇರವಾಗಿ ಕೇಳಿ: "ಯಾರಾದರೂ ಪೊಲೀಸ್ ಎಂದು ಫೋನ್ ಮಾಡಿದ್ದಾರಾ? ಯಾರಿಗೂ ಹೇಳಬೇಡ ಎಂದಿದ್ದಾರಾ?" ಬಾಯಿ ಬಿಡದಿದ್ದರೆ ಈ ಬರಹದಲ್ಲಿರುವುದನ್ನು ಅವರ ಭಾಷೆಯಲ್ಲಿ ಹೇಳಬಲ್ಲ ಇನ್ನೊಬ್ಬ ಚೀನೀ ಸಹಪಾಠಿಯನ್ನು ಕರೆತನ್ನಿ. ಆಸ್ಟ್ರೇಲಿಯಾದಲ್ಲಿ ಇಂಗ್ಲಿಷ್ ತೊಡಕಾದರೆ 131 450ಗೆ ಮಾಡಿ, ಮ್ಯಾಂಡರಿನ್ ದುಭಾಷಿ ಫೋನಿನಲ್ಲೇ ಸಿಗುತ್ತಾರೆ.