ಆಕ್ಸಿಮೀಟರಿನಲ್ಲಿ 96 ಇದೆ ಎಂದು ನೆಮ್ಮದಿಯಾಗಿರಬೇಡಿ

ಸ್ನಾಯುಗಳನ್ನು ನಡೆಸುವ ನರಕೋಶಗಳು ಕ್ರಮೇಣ ನಶಿಸುವ ಮೋಟಾರ್ ನ್ಯೂರಾನ್ ಕಾಯಿಲೆ ಇರುವವರ ಮೇಲೆ ದೂರದಿಂದಲೇ ನಿಗಾ ಇಡುತ್ತೇವೆ ಎಂದು ವರ್ಷದ ಪ್ಯಾಕೇಜ್ ಮಾರುವವರು ಈಗ ನಮ್ಮ ಕೊಪ್ಪಳ ಜಿಲ್ಲೆಯ ಊರುಗಳಿಗೂ ಬಂದಿದ್ದಾರೆ. ಕಾರಟಗಿಯಲ್ಲಿರುವ ನನ್ನ ಸೋದರಮಾವನಿಗೆ ಇಂಥದೊಂದನ್ನು ಹಾಕಿಸಿದ್ದೆವು. ಬೆರಳಿಗೆ ರಕ್ತದಲ್ಲಿನ ಆಮ್ಲಜನಕದ ಮಟ್ಟ (ಸ್ಯಾಚುರೇಶನ್) ತೋರಿಸುವ ಆಕ್ಸಿಮೀಟರ್, ತೋಳಿಗೆ ಬಿಪಿ ಪಟ್ಟಿ, ಮೊಬೈಲಿನಲ್ಲಿ ಆ್ಯಪ್. ಅಂಕಿ ಹಸಿರಾಗಿದ್ದರೆ ಎಲ್ಲ ಸರಿಯಿದೆ ಎಂದು ಲೆಕ್ಕ.

ಕೆಲವು ತಿಂಗಳಲ್ಲಿ ಮಾವ ಬೆಳಿಗ್ಗೆ ಏಳುತ್ತಲೇ ತಲೆನೋವು ಎನ್ನತೊಡಗಿದರು. ಅಂಗಾತ ಮಲಗಲಾರದೆ ದಿಂಬುಗಳಿಗೆ ಒರಗಿ ರಾತ್ರಿ ಕಳೆಯುತ್ತಿದ್ದರು, ಹಗಲು ತಟ್ಟೆಯ ಮುಂದೆ ಕೈಯಲ್ಲಿ ತುತ್ತು ಹಿಡಿದೇ ತೂಕಡಿಸುತ್ತಿದ್ದರು. ಫೋನ್ ಮಾಡಿದಾಗಲೆಲ್ಲ ಆ ಕಡೆಯವರು ಪರದೆ ನೋಡಿ, "ಸ್ಯಾಚುರೇಶನ್ 96 ಇದೆ, ನಾರ್ಮಲ್" ಎಂದಷ್ಟೇ ಹೇಳುತ್ತಿದ್ದರು. ತಲೆನೋವನ್ನು ದಾಖಲಿಸಲು ಆ್ಯಪಿನಲ್ಲಿ ಜಾಗವೇ ಇರಲಿಲ್ಲ. ಕರೆಂಟ್ ಹೋಗಿ ವೈಫೈ ನಿಂತರೂ ಹಳೆಯ ಅಂಕಿಯೇ ಹಸಿರಾಗಿ ಉಳಿದಿರುತ್ತಿತ್ತು. ಬಳ್ಳಾರಿಯಲ್ಲಿ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು, ಅದರಲ್ಲಿನ ಅನಿಲಗಳನ್ನು ಅಳೆಯುವ ಎಬಿಜಿ ಪರೀಕ್ಷೆ ಮಾಡಿದಾಗ, 35ರಿಂದ 45 ಮಿ.ಮೀ. ಪಾದರಸದ ಒಳಗಿರಬೇಕಾದ ಕಾರ್ಬನ್ ಡೈಆಕ್ಸೈಡ್ ಒತ್ತಡ 60 ದಾಟಿತ್ತು.

ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಸೋಲುವುದು ಶ್ವಾಸಕೋಶಕ್ಕಿಂತ ಮೊದಲು ಅದನ್ನು ನಡೆಸುವ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯು) ಮತ್ತು ಪಕ್ಕೆಲುಬಿನ ಸ್ನಾಯುಗಳು. ಉಸಿರು ಆಳವಾಗಿ ಆಡದಿದ್ದಾಗ ಕಾರ್ಬನ್ ಡೈಆಕ್ಸೈಡ್ ಒಳಗೇ ಉಳಿಯುತ್ತದೆ, ಅದೂ ಮೊದಲಿಗೆ ನಿದ್ದೆಯಲ್ಲಿ. ಹಗಲಿನ ಆಮ್ಲಜನಕದ ಅಂಕಿ ಕುಸಿಯುವುದು ಬಹಳ ತಡವಾಗಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಾರ್ಬನ್ ಡೈಆಕ್ಸೈಡನ್ನು ಅಳೆಯುವುದೇ ಇಲ್ಲ.

ಇದಕ್ಕಿಂತ ಅಪಾಯದ್ದು ಪ್ಯಾಕೇಜಿನವರು ಕೊಟ್ಟ ಸಲಹೆ: ಬಾಡಿಗೆಗೆ ಆಮ್ಲಜನಕದ ಯಂತ್ರ ತರಿಸಿಕೊಳ್ಳಿ ಎಂಬುದು. ಉಸಿರಾಟಕ್ಕೆ ಆಸರೆ ಕೊಡದೆ ಬರೀ ಆಮ್ಲಜನಕ ಹರಿಸಿದರೆ ಇಂಥ ರೋಗಿಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಇನ್ನೂ ಏರಬಹುದು. ಮಾವನಿಗೆ ಬೇಕಿದ್ದದ್ದು ಮಾಸ್ಕ್ ಮೂಲಕ ಗಾಳಿಯನ್ನು ಒತ್ತಿ ಕೊಡುವ ಬೈಪ್ಯಾಪ್. ಅದನ್ನು ಹಾಕಿದ ಮೇಲೆ ತಲೆನೋವು ಇಳಿಯಿತು.

ದೂರದ ನಿಗಾ ಎಂಬುದೇ ಮೋಸವೆಂದು ನಾನು ಹೇಳುವುದಿಲ್ಲ. ಕೆಲವು ಬೈಪ್ಯಾಪ್ ಯಂತ್ರಗಳು ರಾತ್ರಿ ಎಷ್ಟು ಹೊತ್ತು ಬಳಕೆಯಾಯಿತು, ಮಾಸ್ಕ್ ಎಷ್ಟು ಸೋರಿತು ಎಂಬುದನ್ನು ತಾವೇ ದಾಖಲಿಸುತ್ತವೆ, ವೈದ್ಯರು ಅದನ್ನು ದೂರದಿಂದಲೇ ನೋಡಬಲ್ಲರು. ಹಣ ಕಟ್ಟುವ ಮೊದಲು, ಉಸಿರಾಟದ ಬಲ ತಿಳಿಯಲು ಕುಳಿತು ಮತ್ತು ಮಲಗಿ ಊದಿಸುವ ಸ್ಪೈರೋಮೆಟ್ರಿ ಪರೀಕ್ಷೆ ಯಾವಾಗ ಮಾಡಿಸುತ್ತೀರಿ, ನಿದ್ದೆ ಮತ್ತು ತಲೆನೋವಿನ ಬಗ್ಗೆ ಯಾರು ವಿಚಾರಿಸುತ್ತಾರೆ, ಅಂಕಿಗಳನ್ನು ನೋಡುವ ನರರೋಗ ತಜ್ಞರು ಯಾರು ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ನಾವು ಮುಂಗಡವಾಗಿ ಕಟ್ಟಿದ ಹಣ ವಾಪಸ್ ಬಂದಿಲ್ಲ; ಇದು ವೈದ್ಯಕೀಯ ಸೇವೆಯಲ್ಲ ಎಂದು ಒಪ್ಪಂದದ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಬರೆದಿದೆಯಂತೆ.