ಕ್ವೇಲ್ ಮೊಟ್ಟೆ ಕಾವಿಗೆ ಇಡುವ ಮುನ್ನ: ಪೆಟ್ಟಿಗೆಯ ಮೇಲಿನ ಅಂಕಿ ನಂಬಬೇಡಿ

ಮೊದಲ ಸಲ ಕ್ವೇಲ್ (ಕೋಳಿಗಿಂತ ಬಹಳ ಚಿಕ್ಕ ಸಾಕುಹಕ್ಕಿ) ಮೊಟ್ಟೆಯನ್ನು ಇನ್‌ಕ್ಯುಬೇಟರ್‌ಗೆ, ಅಂದರೆ ಕಾವು ಕೊಡುವ ಪೆಟ್ಟಿಗೆಗೆ, ಹಾಕಿದವರ ನಷ್ಟ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ದಿನವೂ ನೋಡಿದ್ದು 37.5 ಡಿಗ್ರಿಯೇ. ನೀರು ಹಾಕಿದ್ದಾಯಿತು, ತಿರುಗಿಸುವ ಮೋಟಾರೂ ಓಡಿತು. 18ನೇ ದಿನಕ್ಕೆ ಮೂವತ್ತು ಮೊಟ್ಟೆಯಲ್ಲಿ ಎರಡೋ ಮೂರೋ ಮರಿ ಹೊರಬರುತ್ತವೆ, ಅದರಲ್ಲೂ ಒಂದು ಹೊಕ್ಕಳು ಮುಚ್ಚದೆ ಸಾಯುತ್ತದೆ. ಉಳಿದವನ್ನು ಒಡೆದು ನೋಡಿದರೆ ಪೂರ್ತಿ ಬೆಳೆದ ಮರಿಗಳು ಚಿಪ್ಪಿನೊಳಗೇ ಸತ್ತಿರುತ್ತವೆ. ಮೊಟ್ಟೆ ಕೊಟ್ಟವರನ್ನು ಬೈಯುವ ಮೊದಲು ಪೆಟ್ಟಿಗೆಯ ಮೇಲೆ ಅನುಮಾನ ಪಡಿ. ಒಳಗೆ ಮರಿ ಅಷ್ಟು ಬೆಳೆದಿದ್ದರೆ ಮೊಟ್ಟೆ ಫಲಿತವಾಗಿತ್ತು ಎಂದೇ ಅರ್ಥ.

ಮನೆಬಳಕೆಯ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಕೋಳಿಮೊಟ್ಟೆಯ ಅಳತೆಗೆ ಮಾಡಿದವು. ಸೆನ್ಸರ್ ಮೇಲೆ, ಮುಚ್ಚಳದ ಹತ್ತಿರ ತೂಗಾಡುತ್ತಿರುತ್ತದೆ. ಹತ್ತು ಹನ್ನೆರಡು ಗ್ರಾಂ ತೂಗುವ ಕ್ವೇಲ್ ಮೊಟ್ಟೆ ಕೆಳಗೆ ತಳದಲ್ಲಿ ಮಲಗಿರುತ್ತದೆ. ಎರಡರ ನಡುವೆ ಒಂದು ಡಿಗ್ರಿ ವ್ಯತ್ಯಾಸ ಬರುವುದು ಅಪರೂಪವೇನಲ್ಲ. ಆ ಒಂದು ಡಿಗ್ರಿಯೇ ಸಾಕು. ಶಾಖ ಹೆಚ್ಚಾದರೆ ಮರಿ 16ನೇ ದಿನಕ್ಕೇ ಅವಸರದಲ್ಲಿ ಹೊರಬರುತ್ತದೆ, ಹಳದಿ ಭಾಗ ಹೊಟ್ಟೆಯೊಳಗೆ ಪೂರ್ತಿ ಸೇರಿರುವುದಿಲ್ಲ. ಕಡಿಮೆಯಾದರೆ 19, 20ರವರೆಗೂ ಎಳೆದು, ಬಲವಿಲ್ಲದ ಮರಿಗಳು ಚಿಪ್ಪು ಸೀಳಲಾರದೆ ಸೋಲುತ್ತವೆ.

ಹಾಗಾಗಿ ಪ್ರೋಬ್ (ತಂತಿಯ ತುದಿಯಲ್ಲಿ ಶಾಖ ಅಳೆಯುವ ಕಡ್ಡಿ) ಇರುವ ಬೇರೆ ಥರ್ಮಾಮೀಟರ್ ತನ್ನಿ. ಸುಮಾರು 38 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ಅದನ್ನೂ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್‌ನ ತುದಿಯನ್ನೂ ಒಟ್ಟಿಗೆ ಮುಳುಗಿಸಿ, ವ್ಯತ್ಯಾಸ ಬರೆದಿಡಿ. ಆಮೇಲೆ ಖಾಲಿ ಪೆಟ್ಟಿಗೆಯನ್ನು 24 ಗಂಟೆ ಓಡಿಸಿ, ಮೊಟ್ಟೆಯ ಎತ್ತರದಲ್ಲಿ ಪ್ರೋಬ್ ಇಟ್ಟು ನಾಲ್ಕೂ ಮೂಲೆ ಅಳೆಯಿರಿ. ಫ್ಯಾನ್ ಇದ್ದರೆ 37.5. ಫ್ಯಾನ್ ಇಲ್ಲದ ಪೆಟ್ಟಿಗೆಯಾದರೆ ಮೊಟ್ಟೆಯ ಮೇಲ್ತುದಿಯ ಮಟ್ಟದಲ್ಲಿ 38.3ರಿಂದ 38.9. ಈ ಎರಡು ಲೆಕ್ಕವನ್ನು ಅದಲುಬದಲು ಮಾಡಿಕೊಂಡು ಇಡೀ ಟ್ರೇ ಕಳೆದುಕೊಂಡವರು ಬೇಕಾದಷ್ಟಿದ್ದಾರೆ.

ತೇವಾಂಶದ ಮೀಟರ್ ಇನ್ನೂ ದೊಡ್ಡ ಸುಳ್ಳುಗಾರ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದಷ್ಟು, ಬರೀ ಒದ್ದೆ ಮಾಡುವಷ್ಟು ನೀರು ಹನಿಸಿ. ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಹನ್ನೆರಡು ಗಂಟೆ ಮುಚ್ಚಿಡಿ. ಶೇಕಡಾ 75 ತೋರಿಸಬೇಕು. 69 ತೋರಿಸಿದರೆ ಅದು ಹೇಳುವ ಅಂಕಿಗೆ ಯಾವಾಗಲೂ ಆರು ಕೂಡಿಸಿಕೊಳ್ಳಿ. ಪೆಟ್ಟಿಗೆಯ ತೇವಾಂಶ ಮೊದಲ 14 ದಿನ ಶೇಕಡಾ 45ರಿಂದ 50, ಕೊನೆಯ ಮೂರು ದಿನ 65ರಿಂದ 70 ಇರಲಿ. ಮೀಟರಿಗಿಂತ ತಕ್ಕಡಿ ನಂಬಿಕಸ್ಥ: 40 ಮೊಟ್ಟೆ ಮೊದಲ ದಿನ 460 ಗ್ರಾಂ ಇದ್ದರೆ 14ನೇ ದಿನಕ್ಕೆ ಸುಮಾರು 50 ಗ್ರಾಂ ಇಳಿದಿರಬೇಕು. ಅಷ್ಟು ಇಳಿದಿಲ್ಲವೆಂದರೆ ಮೊಟ್ಟೆಯ ದಪ್ಪ ತುದಿಯೊಳಗಿನ ಗಾಳಿಗೂಡು ಚಿಕ್ಕದಾಗಿಯೇ ಉಳಿದಿದೆ, ಕೊನೆಗೆ ಮರಿಗೆ ಉಸಿರಾಡಲು ಜಾಗ ಸಾಲುವುದಿಲ್ಲ.

ಕೋಳಿಮೊಟ್ಟೆಯ ಟ್ರೇಯಲ್ಲಿ ಕ್ವೇಲ್ ಮೊಟ್ಟೆ ಸಡಿಲವಾಗಿ ಕೂರುತ್ತದೆ. ಟ್ರೇ ವಾಲಿದರೂ ಮೊಟ್ಟೆ ಜಾರಿ ಇದ್ದ ಭಂಗಿಯಲ್ಲೇ ಉಳಿಯುತ್ತದೆ. ಮೋಟಾರಿನ ಸದ್ದು ಕೇಳಿ ಎಲ್ಲ ಸರಿಯಿದೆ ಅಂದುಕೊಂಡಿರುತ್ತೇವೆ. ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದಿಟ್ಟರೆ ಮೋಸ ಗೊತ್ತಾಗುತ್ತದೆ. ಕ್ವೇಲ್ ಟ್ರೇ ಸಿಗದಿದ್ದರೆ ದಿನಕ್ಕೆ ಮೂರರಿಂದ ಐದು ಸಲ ಕೈಯಲ್ಲೇ ತಿರುಗಿಸಿ. 14ನೇ ದಿನ ಮುಗಿದ ಮೇಲೆ ತಿರುಗಿಸುವುದು ಬಂದ್. ತಿರುಗಿಸುವ ಭಾಗವನ್ನೂ ಹೊರತೆಗೆಯಿರಿ, ಇಲ್ಲವಾದರೆ ಮರಿಗಳ ಕಾಲು ಅದರ ಸಂದಿಗೆ ಸಿಕ್ಕಿಕೊಳ್ಳುತ್ತದೆ.

ಅತಿ ಹೆಚ್ಚು ಮರಿಗಳನ್ನು ಕೊಲ್ಲುವುದು ಮಾತ್ರ ನಮ್ಮ ಕುತೂಹಲ. ಮೊದಲ ಮರಿ ಹೊರಬಂದದ್ದೇ ತಡ, ಅದನ್ನು ಎತ್ತಿಕೊಳ್ಳಲು ಮುಚ್ಚಳ ತೆಗೆಯುತ್ತಾರೆ. ಒಳಗಿನ ಹಬೆ ಕ್ಷಣದಲ್ಲಿ ಹೋಗುತ್ತದೆ. ಪಕ್ಕದಲ್ಲಿ ಚಿಪ್ಪಿಗೆ ತೂತು ಮಾಡಿಕೊಂಡು ಕೂತ ಮರಿಗಳ ಸುತ್ತಲಿನ ಪೊರೆ ಒಣಗಿ ಮೈಗೆ ಬಿಗಿದು ಅಂಟುತ್ತದೆ. ಅವು ಒಳಗೆ ತಿರುಗಲಾರವು. ಹುಟ್ಟಿದ ಮರಿಗೆ ಹೊಟ್ಟೆಯಲ್ಲಿನ ಹಳದಿಯೇ ಆಹಾರ, 24 ಗಂಟೆ ಅಲ್ಲೇ ಇದ್ದರೆ ಏನೂ ಆಗುವುದಿಲ್ಲ. ಮೊದಲ ತೂತು ಕಂಡು ಹೊರಬರುವವರೆಗೆ ಒಂದು ದಿನ ಹಿಡಿದರೂ ಗಾಬರಿ ಬೇಡ. ಉಗುರಿನಿಂದ ಚಿಪ್ಪು ಬಿಡಿಸಲು ಹೋದರೆ ಪೊರೆಯ ರಕ್ತನಾಳ ಹರಿಯುತ್ತದೆ. ನೀರು ಸೇರಿಸಬೇಕಾದರೆ ಹೊರಗಿನ ತೂತಿನಿಂದ ಕೊಳವೆಯಲ್ಲಿ ಹಾಕಿ, ಬೆಚ್ಚಗಿನ ನೀರನ್ನೇ ಹಾಕಿ.

ಬರಿಯ ಪ್ಲಾಸ್ಟಿಕ್ ತಳ ನುಣುಪು. ಅದರ ಮೇಲೆ ಕಾಲು ಎರಡೂ ಕಡೆ ಜಾರಿ ಕಪ್ಪೆಯಂತೆ ಚಾಚಿಕೊಳ್ಳುತ್ತದೆ. 14ನೇ ದಿನವೇ ಒರಟಾದ ರಬ್ಬರ್ ಜಾಲರಿ ಹಾಸಿ; ನ್ಯೂಸ್‌ಪೇಪರ್ ಆಗದು, ಅದೂ ಜಾರುತ್ತದೆ. ಮರಿಯ ತೂಕ ಏಳೆಂಟು ಗ್ರಾಂ ಅಷ್ಟೆ, ನೀರಿನ ಕಾಲುವೆಯಲ್ಲೂ ಮುಳುಗುತ್ತದೆ, ಫ್ಯಾನಿನ ಸಂದಿಗೂ ನುಗ್ಗುತ್ತದೆ. ಎರಡನ್ನೂ ಜಾಲರಿಯಿಂದ ಮುಚ್ಚಿ. ಬ್ರೂಡರ್‌ನ (ಹುಟ್ಟಿದ ಮರಿಗಳನ್ನು ಬೆಚ್ಚಗೆ ಸಾಕುವ ಗೂಡಿನ) ನೀರಿನ ತಟ್ಟೆಗೂ ಸಣ್ಣ ಕಲ್ಲು ತುಂಬಿಸಿ.

ಮೊಟ್ಟೆ ಆರಿಸುವುದರ ಬಗ್ಗೆ ಚುಟುಕಾಗಿ. ತಿನ್ನಲು ಮಾರುವ ಮೊಟ್ಟೆ ಬಹುತೇಕ ಗಂಡಿಲ್ಲದ ಗುಂಪಿನದು, ಅದರಲ್ಲಿ ಮರಿಯಾಗದು. ಏಳು ದಿನಕ್ಕಿಂತ ಹಳೆಯದು ಬೇಡ. ತೊಳೆಯಬೇಡಿ. ದೂರದಿಂದ ಪಾರ್ಸೆಲ್‌ನಲ್ಲಿ ಬಂದದ್ದಾದರೆ ಚೂಪು ತುದಿ ಕೆಳಗೆ ಮಾಡಿ ಒಂದು ದಿನ ತಂಪಾದ ಜಾಗದಲ್ಲಿ ಅಲುಗಾಡದೆ ಇರಲಿ. ಚಿಪ್ಪಿನ ಕಲೆಗಳಿಂದಾಗಿ ಬೆಳಕು ಹಿಡಿದು ನೋಡಿದರೂ ಒಳಗೇನಿದೆ ಎಂದು ಸರಿಯಾಗಿ ಕಾಣದು. ಅನುಮಾನವಿದ್ದರೆ ಎಸೆಯಬೇಡಿ, ವಾಸನೆ ಬಂದದ್ದನ್ನು ಮಾತ್ರ ತೆಗೆಯಿರಿ.

ಕರೆಂಟು ಹೋದರೆ ಮುಚ್ಚಳ ತೆಗೆಯದೆ, ಗಾಳಿ ತೂತು ಬಿಟ್ಟು, ಪೆಟ್ಟಿಗೆಗೆ ಕಂಬಳಿ ಸುತ್ತಿ. ಭ್ರೂಣ ಸ್ವಲ್ಪ ಹೊತ್ತಿನ ತಂಪನ್ನು ತಡೆದುಕೊಳ್ಳುತ್ತದೆ, ಹೆಚ್ಚು ಶಾಖವನ್ನಲ್ಲ. ಕರೆಂಟು ಬಂದ ಕೂಡಲೇ ಕಂಬಳಿ ತೆಗೆದು ಸೆಟ್ಟಿಂಗ್ ನೋಡಿ. ಕೆಲವು ಅಗ್ಗದ ಪೆಟ್ಟಿಗೆಗಳು ನೀವು ಇಟ್ಟ ಅಂಕಿ ಮರೆತು ಕಾರ್ಖಾನೆಯ ಅಂಕಿಗೆ ಮರಳಿರುತ್ತವೆ, ದಿನದ ಎಣಿಕೆಯೂ ಒಂದರಿಂದ ಶುರುವಾಗಿರುತ್ತದೆ. ತಾರೀಕನ್ನು ಮುಚ್ಚಳದ ಮೇಲೆ ಟೇಪ್ ಅಂಟಿಸಿ ಬರೆದಿಟ್ಟುಕೊಳ್ಳಿ.